ಬೆಟ್ಟವನ್ನು ಎರಡು ಬೆರಳು ಎತ್ತಿದವನು

ನಮ್ಮ ಸುಸ್ವಾ ಬೆಟ್ಟದ ಮೇಲೆ ವೀರರಿಗೆ ಬರವಿಲ್ಲ. ಸಿಂಹವನ್ನು ಅಟ್ಟಿದವರಿದ್ದಾರೆ, ಒಂದೇ ನೆಗೆತಕ್ಕೆ ಕೊರಕಲು ದಾಟಿದವರಿದ್ದಾರೆ, ಮೂವರು ಹೆಂಡಿರನ್ನು ಒಂದೇ ದಿನ ಸಮಾಧಾನಪಡಿಸಿದವರೂ ಇದ್ದಾರೆ. ಕೊಯ್ಕಾಯ್ ಮಾಡಿದ ಸಾಹಸ ಒಂದೇ: ಐವತ್ತು ವರ್ಷ ಎಡೆಬಿಡದೆ ಕನಸು ಕಂಡದ್ದು. ಚಿಕ್ಕವನಿದ್ದಾಗ ಅವನು ದನ ಕಾಯಲು ಹೋದರೆ ಸಂಜೆ ದನಗಳೇ ಅವನನ್ನು ಮನೆಗೆ ಹೊಡೆದುಕೊಂಡು ಬರುತ್ತಿದ್ದವು.

ಹೀಗಿರುವಾಗ ನಾಲ್ಕು ವರ್ಷದ ಹಿಂದೆ ನೈರೋಬಿಯಿಂದ ಕತಾಂಬಿ ಎಂಬ ಹೆಣ್ಣುಮಗಳು ಬಂದಳು. ಬೆಟ್ಟದ ಹೊಟ್ಟೆಯೊಳಗಿನ ಬೆಂಕಿಯ ಮೇಲೆ ಕಣ್ಣಿಡುವ ಕೆಲಸ ಅವಳದು. ಜ್ವಾಲಾಮುಖಿಯ ಅಂಚಿನಲ್ಲಿ ಮೂರು ಲೋಹದ ತಗಡುಗಳನ್ನು ಒಂದು ಮೂಲೆಗೆ ಸೇರಿಸಿ, ಬಾಯಿ ಆಕಾಶಕ್ಕೆ ಮಾಡಿ, ನಾಲ್ಕು ಕಾಲಿನ ಕಟ್ಟಿನ ಮೇಲೆ ನಿಲ್ಲಿಸಿದಳು. ಮನೆಯ ಮೂಲೆಯೊಂದನ್ನು ಕತ್ತರಿಸಿ ಅಂಗಾತ ಮಲಗಿಸಿದ ಹಾಗಿತ್ತು ಅದು. ಪಕ್ಕದಲ್ಲಿ ಕೂತು ಏನೂ ಮಾಡದೆ ಇರಬಲ್ಲ ಮನುಷ್ಯ ಬೇಕು ಅಂದಳು. ಇಡೀ ಹಳ್ಳಿ ಒಂದೇ ದಿಕ್ಕಿಗೆ ಬೆರಳು ತೋರಿಸಿತು.

ಹೀಗೆ ಕೊಯ್ಕಾಯ್ ತಗಡಿನ ಕಾವಲುಗಾರನಾದ. ಅವನ ಬದುಕಿನಲ್ಲಿ ಯಾರಾದರೂ ಅವನನ್ನು ನಂಬಿ ಒಪ್ಪಿಸಿದ ಮೊದಲ ವಸ್ತು ಅದು. ಎಲೆ ಬಿದ್ದರೆ ತೆಗೆಯಬೇಕು, ಮೇಕೆ ಹತ್ತದ ಹಾಗೆ ನೋಡಿಕೊಳ್ಳಬೇಕು, ಅತ್ತ ಇತ್ತ ತಿರುಗಿಸಬಾರದು. ಒಳಗೆ ಮಲಗಬಾರದು ಎಂಬ ನಿಯಮವನ್ನು ಮೊದಲ ತಿಂಗಳು ಕಳೆದ ಮೇಲೆ ಸೇರಿಸಬೇಕಾಯಿತು.

ಹನ್ನೆರಡು ದಿನಕ್ಕೊಮ್ಮೆ, ಸೂರ್ಯ ಮುಳುಗುವ ಹೊತ್ತಿಗೆ, ಒಂದು ಉಪಗ್ರಹ ನಮ್ಮ ಮೇಲೆ ಹಾದುಹೋಗುತ್ತದೆ. ಅದಕ್ಕೆ ಬಿಸಿಲು ಬೇಡ, ಮೋಡದ ಹಂಗಿಲ್ಲ. ತಾನೇ ರೇಡಾರ್ ಅಲೆ ಬಿಟ್ಟು, ಮರಳಿ ಬಂದದ್ದನ್ನು ಕೇಳಿಸಿಕೊಳ್ಳುತ್ತದೆ. ತಗಡಿನ ಮೂಲೆ ಆ ಅಲೆಯನ್ನು ಬಂದ ದಾರಿಗೇ ಹಿಂದಕ್ಕೆ ಕಳಿಸುತ್ತದೆ.

"ಅಷ್ಟೆತ್ತರದಿಂದ ಇಷ್ಟು ಚಿಕ್ಕದು ಹೆಂಗಮ್ಮಾ ಕಾಣ್ಸುತ್ತೆ?" ಎಂದು ಕೊಯ್ಕಾಯ್ ಕೇಳಿದ್ದ.

"ಅಪ್ಪಾ, ನೀವು ಈ ಅಂಚಲ್ಲಿ ಒಂದೇ ಕಡೆ ನಿಂತು ಕೂಗಿದ್ರೆ ಏನು ಗೊತ್ತಾಗುತ್ತೆ?"

"ಎದುರಿಗೆ ಬಂಡೆ ಇದೆ ಅಂತ."

"ಅದೇ ಅಂಚಿನುದ್ದಕ್ಕೂ ನಡೀತಾ, ಹೆಜ್ಜೆಹೆಜ್ಜೆಗೂ ಕೂಗಿ, ಬಂದ ದನಿಯನ್ನೆಲ್ಲ ನೆನಪಿಟ್ಕೊಂಡು, ಆಮೇಲೆ ಒಟ್ಟಿಗೆ ಸೇರಿಸಿದ್ರೆ? ಒಂದೊಂದು ಕಲ್ಲೂ ಎಲ್ಲಿದೆ ಅಂತ ಗೊತ್ತಾಗುತ್ತೆ. ಅದರ ಕಿವಿ ಚಿಕ್ಕದೇ. ಆದ್ರೆ ಹಾರಿದ ದಾರಿಯಷ್ಟುದ್ದದ ಕಿವಿ ಮಾಡ್ಕೊಳುತ್ತೆ."

ಕೊಯ್ಕಾಯ್‌ಗೆ ಕಣ್ಣು ತುಂಬಿ ಬಂತು. ದಿನವಿಡೀ ಅಲೆದು, ಕೇಳಿದ್ದನ್ನೆಲ್ಲ ಮನಸ್ಸಿನಲ್ಲಿ ಸೇರಿಸಿ ಚಿತ್ರ ಮಾಡಿಕೊಳ್ಳುವವನು ಲೋಕದಲ್ಲಿ ತಾನೊಬ್ಬನೇ ಅಲ್ಲ ಎಂದು ಅವನಿಗೆ ಆ ದಿನ ತಿಳಿಯಿತು. ಅಂದಿನಿಂದ ಪ್ರತಿ ಹನ್ನೆರಡನೆಯ ಸಂಜೆ ಕೆಂಪು ಶುಕಾ ಬಟ್ಟೆ ಹೊದ್ದು, ಮೈಗೆ ಎಣ್ಣೆ ಸವರಿ, ನೆಂಟರನ್ನು ಎದುರುಗೊಳ್ಳುವವನಂತೆ ನಿಲ್ಲುತ್ತಿದ್ದ. ಮೋಡಗಳು ಮಂದೆಯಂತೆ ಅಂಚಿಗೆ ಬಂದು ಮೇಯುತ್ತಿದ್ದವು. ಅವನು ಅವುಗಳಾಚೆ ನೋಡುತ್ತ ಮೆಲ್ಲಗೆ ಸಿಳ್ಳೆ ಹಾಕುತ್ತಿದ್ದ.

ಇನ್ನು ನಮ್ಮ ನೀರಿನ ವಿಷಯ. ಬೆಟ್ಟದಲ್ಲಿ ಹೊಳೆಯಿಲ್ಲ, ಬಿರುಕುಗಳಿಂದ ಹಬೆ ಬರುತ್ತದೆ. ಬಿರುಕಿಗೆ ಕೊಳವೆ ಇಟ್ಟು, ಹಬೆ ತಣಿದು ಹನಿಯಾಗಿ ಬೀಳುವುದನ್ನು ಹಿಡಿದು ಕುಡಿಯುವವರು ನಾವು. ತಣ್ಣನೆಯ ಲೋಹ ಕಂಡರೆ ನಮ್ಮವರ ಕೈ ತಾನಾಗಿ ಪಾತ್ರೆ ಹುಡುಕುತ್ತದೆ. ಒಂದು ಮುಂಜಾನೆ ಕೊಯ್ಕಾಯ್ ನೋಡುತ್ತಾನೆ: ಪಕ್ಕದ ಬಿರುಕಿನ ಹಬೆ ತಗಡಿಗೆ ತಾಕಿ, ಹರಿದು, ಮೂಲೆಯ ತೂತಿನಿಂದ ತೊಟ್ಟಿಕ್ಕಿ ವ್ಯರ್ಥವಾಗಿ ಮಣ್ಣಿಗೆ ಹೋಗುತ್ತಿದೆ! ಹೆಂಡತಿ ನೆಂಪಿರಿಸ್‌ಳ ಅಡುಗೆ ಪಾತ್ರೆ ಸುಫುರಿಯಾ ತಂದು ಅಡಿಗೆ ತೂರಿಸಿದ. ಎರಡು ಬೆರಳಷ್ಟು ಜಾಗ ಕಡಿಮೆ ಬಿತ್ತು. ಕಟ್ಟಿನ ನಾಲ್ಕು ಕಾಲಿಗೂ ಒಂದೊಂದು ಚಪ್ಪಟೆ ಕಲ್ಲು ಕೊಟ್ಟ. ಸರಿಹೋಯಿತು.

ಹನ್ನೆರಡನೆಯ ಸಂಜೆ ಬಂತು, ಹೋಯಿತು. ಮೂರನೆಯ ದಿನ ಕತಾಂಬಿಯ ಜೀಪು ಧೂಳೆಬ್ಬಿಸಿಕೊಂಡು ಬಂತು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಹಿರಿಯರೆಲ್ಲ ಮರದಡಿ ಸೇರಿದರು. ಅವಳು ಒಂದು ಬಣ್ಣಬಣ್ಣದ ಹಾಳೆ ಹರಡಿದಳು. ಒಂದು ಬೆಟ್ಟದ ಸುತ್ತ ಉಂಗುರದೊಳಗೆ ಉಂಗುರ.

"ಯಾರೇ ಈ ಮಣಿ ಪೋಣಿಸಿದ್ದು?" ನೆಂಪಿರಿಸ್ ಇಣುಕಿದಳು. "ಹಸಿರಿನ ಪಕ್ಕ ಹಳದಿ ಯಾರಾದ್ರೂ ಹಾಕ್ತಾರಾ? ಇದನ್ನ ತೊಟ್ಕೊಂಡು ಯಾವ ಹುಡುಗಿ ಮದುವೆಗೆ ಹೋಗ್ತಾಳೆ?"

"ಅಮ್ಮಾ, ಇದು ಹಳೇ ಚಿತ್ರ, ಬೇರೆ ಬೆಟ್ಟದ್ದು. ನೆಲ ಉಬ್ಬಿದ್ರೆ ಹಿಂಗೆ ಬಳೆ ಬಳೆ ಕಾಣುತ್ತೆ. ಹೋದ ಸಲದ ಅಲೆಗೂ ಈ ಸಲದ ಅಲೆಗೂ ಇರೋ ವ್ಯತ್ಯಾಸ ಅದು," ಎಂದಳು ಕತಾಂಬಿ. "ನಿಮ್ಮ ಅಂಚಲ್ಲಿ ಮಳೆಗೆ ಹುಲ್ಲು ಬೆಳೆದು ಎಲ್ಲ ಕಲಸಿಹೋಗಿದೆ. ಸ್ಪಷ್ಟವಾಗಿ ಮಾತಾಡ್ತಿರೋದು ಅಪ್ಪನ ತಗಡು ಒಂದೇ. ಅದು ಹನ್ನೆರಡು ದಿನದಲ್ಲಿ ಎರಡು ಬೆರಳು ಮೇಲೆ ಬಂದಿದೆ. ಒಳಗೆ ಬೆಂಕಿ ಏಳ್ತಿರಬಹುದು. ನೀವೆಲ್ಲ ಕೆಳಗಿಳಿಯೋದು ಒಳ್ಳೇದು."

ಕೆಳಗಿನ ಬಯಲಿನಲ್ಲಿ ಹಬೆಯಿಲ್ಲ, ಹುಲ್ಲೂ ಇಲ್ಲ. ಅರ್ಧ ದನ ಉಳಿಯುವುದು ಅನುಮಾನ. ಆದರೂ ಹಿರಿಯ ಕಸೈನೆ ಕೋಲೂರಿ ಎದ್ದ. "ನಾಳೆ ಹೊತ್ತು ಮೂಡೋಕೆ ಮುಂಚೆ ಮಂದೆ ಹೊರಡ್ಲಿ."

ಕೊಯ್ಕಾಯ್ ಮರದ ಬುಡಕ್ಕೆ ಅಂಟಿಕೊಂಡಿದ್ದ. ಬಾಯಿ ಬಿಟ್ಟರೆ ತಗಡು ಹೋಯಿತು. ಬಿಡದಿದ್ದರೆ ಊರೇ ಹೋಯಿತು. ಅವನೆದುರು ನೆಂಪಿರಿಸ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಮಗಳ ಹೆಸರು ಹಿಡಿದು ಗಂಡನನ್ನು ಕರೆದಳು.

"ಸೆಲೀನಾಳ ಅಪ್ಪಾ, ನನ್ನ ಸುಫುರಿಯಾ ಎಲ್ಲಿ?"

ಸಭೆ ತಿರುಗಿ ನೋಡಿತು. ಕೊಯ್ಕಾಯ್ ಎದ್ದು ನಿಂತ, ಯುದ್ಧಕ್ಕೆ ಹೊರಟವನ ಹಾಗೆ ಶುಕಾ ಕೊಡವಿದ. "ಬೆಟ್ಟ ಎದ್ದಿಲ್ಲ. ನಾನೇ ಎತ್ತಿದ್ದು."

"ಏನಂದೆ?" ಎಂದ ಕಸೈನೆ.

"ತಿರುಗಿಸ್ಬೇಡ ಅಂದಿದ್ರು, ತಿರುಗಿಸಿಲ್ಲ. ಎತ್ತಬೇಡ ಅಂತ ಯಾರೂ ಹೇಳಿರ್ಲಿಲ್ಲ. ನೀರು ಪೋಲಾಗ್ತಿತ್ತು."

"ಅಯ್ಯೋ ನಿನ್ನ! ಒಂದು ಕರು ಎತ್ತೋಕಾಗದವನು ಬೆಟ್ಟ ಎತ್ತಿದ್ನಂತೆ!" ಕಸೈನೆ ಕೋಲು ಕುಟ್ಟಿದ.

ಜನ ಬಿದ್ದುಬಿದ್ದು ನಕ್ಕರು. ಕತಾಂಬಿ ನಗಲಿಲ್ಲ. ಅಂಚಿಗೆ ಹೋಗಿ ಕಲ್ಲುಗಳನ್ನು ಅಳೆದಳು. ಎರಡು ಬೆರಳು. ಆದರೂ ಸಾಲದೆಂದು ತಲೆಯಾಡಿಸಿದಳು. "ಅಪ್ಪಾ, ನಿಮ್ಮ ಮಾತು ನಂಗೆ ನಂಬಿಕೆ. ಆದ್ರೆ ನಲವತ್ತು ಮನೆ ಜೀವ. ಕಲ್ಲು ತೆಗೀರಿ. ಮುಂದಿನ ಸಲ ಉಪಗ್ರಹ ಬಂದಾಗ ನೋಡ್ಲಿ. ತಗಡು ಅಷ್ಟೇ ಇಳಿದಿದ್ರೆ ನೀವು ಹೇಳಿದ್ದು ನಿಜ. ಇಲ್ಲಾಂದ್ರೆ ಎಲ್ರೂ ಇಳೀಬೇಕು. ಅಲ್ಲೀವರೆಗೂ ಗಂಟು ಕಟ್ಟಿಟ್ಕೊಂಡಿರಿ. ನಾನೂ ಇಲ್ಲೇ ಇರ್ತೀನಿ."

ಮೂರು ದಿನ ಕಳೆದಿದ್ದವು. ಇನ್ನು ಒಂಬತ್ತು ದಿನ ಊರು ಗಂಟುಗಳ ಮೇಲೆ ಕೂತು ಕಾಯಿತು. ಒಂಬತ್ತನೆಯ ಸಂಜೆ ನಲವತ್ತು ಮನೆಯವರೂ ಅಂಚಿಗೆ ಬಂದರು. ಹಬೆ ಬಿಳಿ ಕರುಗಳಂತೆ ಬಿರುಕುಗಳಿಂದ ಎದ್ದು ಅಡ್ಡಾಡುತ್ತಿತ್ತು. ಯಾರಿಗೂ ಏನೂ ಕಾಣಿಸಲಿಲ್ಲ, ಕೇಳಿಸಲಿಲ್ಲ. ಮೇಲೆ ಯಾವುದೋ ಒಂದು ನಡೆಯುತ್ತ ನಡೆಯುತ್ತ ನಮ್ಮನ್ನು ಕೂಗಿ, ನಮ್ಮ ಉತ್ತರವನ್ನು ನೆನಪಿಟ್ಟುಕೊಂಡು ಹೋಯಿತು. ಕೊಯ್ಕಾಯ್ ಸಿಳ್ಳೆ ಹಾಕಿದ. ಆ ದಿನ ಯಾರೂ ಅವನನ್ನು ಆಡಿಕೊಳ್ಳಲಿಲ್ಲ. ಕಸೈನೆಯೂ ಸಿಳ್ಳೆ ಹಾಕಿದ, ಹಲ್ಲಿಲ್ಲದ ಬಾಯಿಂದ ಬರೀ ಗಾಳಿ ಬಂತು.

ಎರಡು ದಿನದ ಮೇಲೆ ಕತಾಂಬಿಯ ಫೋನು ಗುಣುಗಿತು. ಕೇಳಿಸಿಕೊಂಡು ಎರಡು ಬೆರಳು ಎತ್ತಿ, ನೆಲದ ಕಡೆ ಬಾಗಿಸಿದಳು. ಗಂಟುಗಳು ಬಿಚ್ಚಿಕೊಂಡವು.

"ಕಾವಲಿಗೆ ಬೇರೆಯವರನ್ನ ಹುಡುಕ್ತೀಯೇನಮ್ಮಾ?" ಕೊಯ್ಕಾಯ್ ನೆಲ ನೋಡುತ್ತ ಕೇಳಿದ.

"ಎಲ್ಲರೆದುರು ತನ್ನ ತಪ್ಪು ಹೇಳ್ಕೊಳ್ಳೋ ಕಾವಲುಗಾರ ಇನ್ನೊಬ್ಬ ಎಲ್ಲಿ ಸಿಗ್ತಾನಪ್ಪಾ? ಎತ್ತಬಾರದು ಅಂತ ಒಂದು ನಿಯಮ ಸೇರಿಸ್ತೀನಿ, ಅಷ್ಟೆ."

ಆದರೆ ಸುಫುರಿಯಾಕ್ಕೆ ನೀರು ಬೇಕಲ್ಲ. ನೆಂಪಿರಿಸ್ ಹಳೆಯ ತಗಡು ಸಂಪಾದಿಸಿ, ಅದೇ ಆಕಾರಕ್ಕೆ ಬಡಿದು, ಬಿರುಕಿನ ಪಕ್ಕದಲ್ಲೇ ತನ್ನದೊಂದು ಮೂಲೆ ನಿಲ್ಲಿಸಿದಳು. ಎರಡು ವಾರದ ಮೇಲೆ ನೈರೋಬಿಯಿಂದ ಕತಾಂಬಿಯ ಕರೆ ಬಂತು.

"ಅಪ್ಪಾ, ಉಪಗ್ರಹದ ಚಿತ್ರದಲ್ಲಿ ನಿಮ್ಮ ಬೆಟ್ಟದ ಮೇಲೆ ಈಗ ಎರಡು ನಕ್ಷತ್ರ ಕಾಣ್ತಿದೆ. ಎರಡನೇದು ನಂದಲ್ಲ. ಯಾರದು?"

ಕೊಯ್ಕಾಯ್ ತುಂಬಿದ ಪಾತ್ರೆ ಹೊತ್ತು ಹೋಗುತ್ತಿದ್ದ ಹೆಂಡತಿಯ ಬೆನ್ನು ನೋಡಿದ. "ಅದಕ್ಕೆ ನಿನ್ನ ನಿಯಮ ಯಾವುದೂ ನಡೆಯಲ್ಲಮ್ಮಾ," ಎಂದ. "ಅದು ಸೆಲೀನಾಳ ಅಮ್ಮಂದು."