ಬುಧವಾರದ ಸನ್ಮಾನ

ನಮ್ಮ ಅತ್ತಿಗೆಯ ಬಗ್ಗೆ ಯಾರಾದರೂ ಒಂದು ಮಾತು ಆಡಲಿ, ನಾನು ಹತ್ತು ಆಡುತ್ತೇನೆ. ಮನೆಯಲ್ಲಿ ನಮ್ಮಿಬ್ಬರಿಗೂ ಜಗಳವೇ ಇಲ್ಲ ಅಂತಲ್ಲ. ಒಗೆದ ಬಟ್ಟೆ ಮಡಿಸುವ ವಿಷಯಕ್ಕೇ ಇಪ್ಪತ್ತು ವರ್ಷದಿಂದ ಕಿತ್ತಾಡುತ್ತಿದ್ದೇವೆ. ಅವರಿಗೆ ಅಂಚಿಗೆ ಅಂಚು ಕೂಡಬೇಕು, ನನಗೆ ಬೀರುವಿನ ಬಾಗಿಲು ಮುಚ್ಚಿದರೆ ಸಾಕು. ಆದರೆ ಹೊರಗಿನವರು ಅವರಿಗೆ ಮಾಡಿದ್ದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತೆ. ಹೊಲಿಗೆ ಮೆಷಿನ್ ಮುಂದೆ ಕೂತಿರುವಾಗ ನೆನಪಾದರಂತೂ ಹೊಲಿಗೆ ಸೊಟ್ಟಗೆ ಹೋಗಿ ಮತ್ತೆ ಬಿಚ್ಚಬೇಕಾಗುತ್ತೆ.

ಅತ್ತಿಗೆ ನಗರಸಭೆಯ ಕಟ್ಟಡ ಪರವಾನಗಿ ವಿಭಾಗದ ಮೂರನೇ ಕಿಟಕಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತವರು. ಊರಲ್ಲಿ ಯಾರು ಏನು ಕಟ್ಟಬೇಕಾದರೂ ನಕ್ಷೆ ಮೊದಲು ಆ ಕಿಟಕಿಗೆ ಬರಬೇಕು. ಅದನ್ನು ದಪ್ಪ ಪುಸ್ತಕದಲ್ಲಿ ದಾಖಲಿಸಿದ ಮೇಲೆಯೇ ಪರೀಕ್ಷಿಸಬೇಕು ಅನ್ನುವುದು ನಿಯಮ. ದಾಖಲಾದ ನಕ್ಷೆಯಲ್ಲಿ ತಪ್ಪು ಸಿಕ್ಕಿದರೆ ‘ತಿರಸ್ಕೃತ’ ಅಂತ ಬರೆಯಬೇಕು. ಹಾಗೆ ಬರೆದದ್ದು ಆ ಆರ್ಕಿಟೆಕ್ಟ್ ಹೆಸರಿಗೆ ಅಂಟಿಕೊಂಡರೆ ಬಿಡುವುದಿಲ್ಲ. ಆಗಷ್ಟೇ ಓದು ಮುಗಿಸಿ ಬಂದವರಿಗೆ ಎರಡು ಸಲ ಹಾಗಾದರೆ ಮೂರನೇ ಕೆಲಸ ಯಾರು ಕೊಡುತ್ತಾರೆ, ಹೇಳಿ?

ಅದಕ್ಕೇ ಅತ್ತಿಗೆ ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ದಾಖಲಿಸುವ ಮೊದಲೇ ನಕ್ಷೆ ಬಿಡಿಸಿ, ತಪ್ಪಿದ್ದ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಬರೆದು, “ತಗೊಂಡು ಹೋಗಿ ಸರಿಮಾಡಿ, ಇದನ್ನ ಅಳಿಸಿ, ಬುಧವಾರ ಬನ್ನಿ” ಅಂತ ವಾಪಸ್ ಕೊಡುತ್ತಿದ್ದರು. ವಾರದಲ್ಲಿ ಬುಧವಾರ ಮಾತ್ರ ದಾಖಲಾತಿ. ಅವರ ಮುದ್ರೆ ಬಿದ್ದ ನಕ್ಷೆಗೆ ಮೇಲಿನ ಸಾಹೇಬರು ಕಣ್ಣು ಮುಚ್ಚಿಕೊಂಡು ಸಹಿ ಹಾಕುತ್ತಿದ್ದರು. ಜ್ವರ ಬಂದರೂ, ಹಲ್ಲು ನೋವಿನಿಂದ ಕೆನ್ನೆ ಊದಿದರೂ ಅತ್ತಿಗೆ ಒಂದು ಬುಧವಾರವೂ ಕಿಟಕಿ ಬಿಟ್ಟವರಲ್ಲ.

ಹಾಗೆ ಅವರ ಕೈಯಲ್ಲಿ ಪಳಗಿದವರಲ್ಲಿ ಒಬ್ಬ ನಮ್ಮ ಒಂಟೆ. ಕತ್ತು ಉದ್ದ ಅಂತ ಹೆಸರಿಟ್ಟವಳು ನಾನೇ. ಅವನು ತಂದ ಮೊದಲ ಮನೆ ನಕ್ಷೆಯಲ್ಲಿ ಬಚ್ಚಲಿಗೆ ಬಾಗಿಲೇ ಇರಲಿಲ್ಲ! “ಸ್ನಾನಕ್ಕೆ ಹೋಗೋದು ಕಿಟಕಿಯಿಂದಲಾ?” ಅಂತ ಅತ್ತಿಗೆ ನಕ್ಕಿದ್ದರಂತೆ. ಆಮೇಲೆ ಪ್ರತಿ ಭಾನುವಾರ ನಮ್ಮ ಮನೆಗೆ ಬಂದು ಊಟದ ಮೇಜಿನ ಮೇಲೆ ನಕ್ಷೆ ಹರಡಿ ಕೂರುತ್ತಿದ್ದ. ನಮ್ಮಣ್ಣ ತಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು ಊಟ ಮಾಡಿದ್ದೂ ಉಂಟು. “ಅಕ್ಕಾ, ನೀವಿಲ್ಲದಿದ್ದರೆ ನಾನು ಬೀದಿಪಾಲು” ಅನ್ನುತ್ತಿದ್ದ. ಬೆಳೆದ, ಹೆಸರು ಮಾಡಿದ, ಕೊನೆಗೆ ಆರ್ಕಿಟೆಕ್ಟರ ಸಂಘದ ಅಧ್ಯಕ್ಷನೇ ಆದ. ಅವತ್ತು ಅತ್ತಿಗೆ ತಮ್ಮ ಮಗನೇ ಪಾಸಾದ ಹಾಗೆ ಕುಣಿದಾಡಿದರು.

ಎರಡು ವರ್ಷದ ಹಿಂದೆ ಅವನು ಹೆರಿಗೆ ಆಸ್ಪತ್ರೆಯ ನಕ್ಷೆ ತಂದ. ನಾಲ್ಕು ಮಹಡಿ. ಅತ್ತಿಗೆ ನೋಡಿದರು, ಹಿಂದಿನ ಮೆಟ್ಟಿಲು ಇಕ್ಕಟ್ಟು. ಬೆಂಕಿಗಿಂಕಿ ಬಿದ್ದು ಲಿಫ್ಟ್ ನಿಂತರೆ ಬಾಣಂತಿಯನ್ನು ಸ್ಟ್ರೆಚರ್‌ನಲ್ಲಿ ಮಲಗಿಸಿ ಆ ತಿರುವಿನಲ್ಲಿ ಇಳಿಸಲಾಗುವುದಿಲ್ಲ. ‘ಸ್ಟ್ರೆಚರ್ ತಿರುಗುವುದಿಲ್ಲ, ಅಗಲ ಮಾಡಿ’ ಅಂತ ಪೆನ್ಸಿಲ್ ಒತ್ತಿ ಬರೆದರು.

“ಅಕ್ಕಾ, ಅಗಲ ಮಾಡಿದರೆ ಮಹಡಿಗೊಂದು ಕೋಣೆ ಹೋಗುತ್ತೆ. ಕಟ್ಟಿಸೋರು ಒಪ್ಪಲ್ಲ.”

“ಹೋದರೆ ಹೋಗಲಿ ಕಣೋ. ಹೆತ್ತ ಹೆಂಗಸು ನಡೆದು ಇಳೀತಾಳಾ?”

ಅವನು ನಕ್ಕು, ನಕ್ಷೆ ಸುತ್ತಿಕೊಂಡು, “ಸರಿ ಅಕ್ಕಾ, ನೀವು ಹೇಳಿದ ಮೇಲೆ ಮುಗೀತು” ಅಂದು ಹೋದ.

ಹತ್ತೇ ದಿನಕ್ಕೆ ಸಂಘದಿಂದ ಕಾಗದ ಬಂತು. ‘ಸಾರ್ವಜನಿಕ ಸೇವೆಗೂ ವಾಸ್ತುಶಿಲ್ಪ ವೃತ್ತಿಗೆ ನೀಡಿದ ಬೆಂಬಲಕ್ಕೂ’ ಅತ್ತಿಗೆಗೆ ಸನ್ಮಾನ, ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಅತ್ತಿಗೆ ಒಂಟೆಗೆ ಫೋನ್ ಮಾಡಿ, “ಬುಧವಾರ ಬೇಡ ಕಣೋ, ಶನಿವಾರ ಇಟ್ಕೊಳ್ಳಿ” ಅಂದರು. ಸಭಾಂಗಣ ಅವತ್ತೇ ಸಿಕ್ಕಿರೋದು ಅಂದ. ಅತ್ತಿಗೆ ಹೋಗುವುದೇ ಇಲ್ಲ ಅಂತ ಹಟ ಹಿಡಿದರು. ಆಗ ಬಾಯಿ ಹಾಕಿದವಳು ನಾನು, ನನ್ನ ನಾಲಿಗೆಗೆ ಬೆಂಕಿ ಬೀಳ! “ಒಂದು ದಿನ ನೀವು ಕೂರದಿದ್ದರೆ ಊರೇನು ಮುಳುಗಿ ಹೋಗುತ್ತಾ?” ಅಂತ ಬೈದು, ಬೂದು ಬಣ್ಣದ ಹೊಸ ಕೋಟು ಹೊಲಿದು ಕೊಟ್ಟು ಹೊರಡಿಸಿದೆ.

ಸಭಾಂಗಣ ತುಂಬಿತ್ತು. ಇನ್ನೂರು ಆರ್ಕಿಟೆಕ್ಟರಾದರೂ ಇದ್ದರು. ಪೆನ್ಸಿಲ್ ಮೇಡಂ, ಪೆನ್ಸಿಲ್ ಮೇಡಂ ಅಂತ ಸುತ್ತುಗಟ್ಟಿದರು. ಒಂಟೆ ಮೈಕಿನ ಮುಂದೆ ನಿಂತು ಬಚ್ಚಲ ಬಾಗಿಲಿನ ಕತೆ ಹೇಳಿ ಎಲ್ಲರನ್ನೂ ನಗಿಸಿದ. ಅತ್ತಿಗೆ ಹಿತ್ತಾಳೆ ಫಲಕ ಹಿಡಿದು ನಿಂತಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಅಣ್ಣ ಕಣ್ಣೊರೆಸಿಕೊಂಡ. ನಾನು ಗೊಳೋ ಅಂತ ಅತ್ತೇಬಿಟ್ಟೆ.

ಮರುದಿನ ಅತ್ತಿಗೆ ಆಫೀಸಿಗೆ ಹೋಗಿ ದಾಖಲೆ ಪುಸ್ತಕ ತೆರೆದರು. ಹಿಂದಿನ ದಿನ ಅವರ ಜಾಗದಲ್ಲಿ ಪಕ್ಕದ ಕೋಣೆಯ ಟೈಪಿಸ್ಟಳನ್ನು ಕೂರಿಸಿದ್ದರು. ಪಾಪದ ಹೆಂಗಸು, ನಕ್ಷೆ ಹಿಡಿದರೆ ತಲೆ ಯಾವುದು ಕಾಲು ಯಾವುದು ಗೊತ್ತಿಲ್ಲ. ಆ ದಿನದ ಪುಟದಲ್ಲಿ ಇದ್ದದ್ದು ಒಂದೇ ದಾಖಲೆ. ಹೆರಿಗೆ ಆಸ್ಪತ್ರೆ, ಹನ್ನೊಂದು ಗಂಟೆ ನಲವತ್ತು ನಿಮಿಷ, ಒಂಟೆಯ ಆಫೀಸಿನ ಹುಡುಗ ತಂದುಕೊಟ್ಟದ್ದು. ಮುದ್ರೆ ಬಿದ್ದಿತ್ತು. ಮಧ್ಯಾಹ್ನದೊಳಗೆ ಮೇಲಿನ ಸಹಿಯೂ ಆಗಿತ್ತು.

ಅತ್ತಿಗೆ ನಕ್ಷೆ ತರಿಸಿ ನೋಡಿದರು. ಅದೇ ಹಾಳೆ. ಮೆಟ್ಟಿಲು ಒಂದು ಬೆರಳಷ್ಟೂ ಅಗಲವಾಗಿರಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದರೆ, ಅಳಿಸಿದ ಪೆನ್ಸಿಲ್ಲಿನ ತಗ್ಗು ಕಾಣುತ್ತಿತ್ತು. ತಾವೇ ಬರೆದ ಅಕ್ಷರ.

ಸಂಜೆ ಮನೆಗೆ ಬಂದು ವಿಷಯ ಹೇಳಿ, ನೆಟ್ಟಗೆ ಒಂಟೆಯ ಆಫೀಸಿಗೆ ಹೊರಟರು. ನಾನೂ ಜೊತೆಗೆ ಹೋದೆ, ಬಿಡುತ್ತೇನೆಯೇ?

“ನನ್ನನ್ನ ಕಿಟಕಿಯಿಂದ ಎಬ್ಬಿಸೋಕೆ ಇಷ್ಟೆಲ್ಲ ಮಾಡಿದೆಯೇನೋ?” ಅಂತ ಕೇಳಿದರು. ದನಿ ಏರಿಸಲಿಲ್ಲ.

“ಅಯ್ಯೋ ಅಕ್ಕಾ, ಸನ್ಮಾನ ಮನಸಾರೆ ಮಾಡಿದ್ದು. ಅದು ಬೇರೆ, ಇದು ಬೇರೆ” ಅಂದ.

“ಮುಚ್ಚೋ ಬಾಯಿ! ನಮ್ಮನೆ ಅನ್ನ ತಿಂದೋನು ನೀನು!” ಅಂತ ನಾನು ಕೂಗಾಡಿದೆ. ಅತ್ತಿಗೆ ನನ್ನ ಕೈ ಹಿಡಿದು ಎಳೆದುಕೊಂಡು ಬಂದರು.

ನಕ್ಷೆ ತಡೆಯಬೇಕೆಂದರೆ ದೊಡ್ಡ ಸಾಹೇಬರಿಗೆ ಬರೆದು ಕೊಡಬೇಕು. ಬರೆದರೆ, ದಾಖಲಿಸದೆ ನಕ್ಷೆ ನೋಡುತ್ತಿದ್ದೆ ಅಂತ ತಾವೇ ಒಪ್ಪಿಕೊಂಡ ಹಾಗೆ. ಇಪ್ಪತ್ತೊಂಬತ್ತು ವರ್ಷದ ಪ್ರತಿಯೊಂದು ಪೆನ್ಸಿಲ್ ಗುರುತೂ ನಿಯಮದ ಪ್ರಕಾರ ಅಪರಾಧವೇ. ಅಣ್ಣ ಬೇಡ ಅಂದ. “ನಿಮ್ಮ ಹೆಸರು ಹಾಳಾಗುತ್ತೆ ಅತ್ತಿಗೆ, ಸುಮ್ಮನಿರಿ” ಅಂತ ನಾನೂ ಅಂಗಲಾಚಿದೆ. ಅವರು ಎರಡು ಪುಟ ಬರೆದರು. ಒಂದಕ್ಷರವನ್ನೂ ಮುಚ್ಚಿಡಲಿಲ್ಲ.

ಸಾಹೇಬರೂ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಸ್ಪತ್ರೆಯ ನಕ್ಷೆ ವಾಪಸ್ ಹೋಯಿತು, ಮೆಟ್ಟಿಲು ಅಗಲವಾಯಿತು. ಒಂಟೆಗೆ ಒಂದು ಎಚ್ಚರಿಕೆ ಪತ್ರ, ಅಷ್ಟೇ. ಅತ್ತಿಗೆಗೆ ಇಲಾಖಾ ವಿಚಾರಣೆ. ಈ ಪೆನ್ಸಿಲ್ ಪದ್ಧತಿ ಸಹಾಯಕ್ಕೋ ಇಲ್ಲ ಇನ್ಯಾವುದಕ್ಕೋ ಅಂತ ಅನುಮಾನ. ಇನ್ಯಾವುದಕ್ಕೋ! ಅತ್ತಿಗೆ ಯಾರಿಂದಲೂ ಒಂದು ಲೋಟ ಟೀ ಕುಡಿದವರಲ್ಲ. “ಸಹಾಯ ಪಡೆದವರು ಯಾರಾದರೂ ಬಂದು ಹೇಳಿದರೆ ಸಾಕಮ್ಮ, ಇಲ್ಲಿಗೇ ಮುಗಿಸ್ತೀನಿ” ಅಂದರು ವಿಚಾರಣಾಧಿಕಾರಿ. ಅತ್ತಿಗೆಯ ಮುಖ ಅರಳಿತು. “ಇನ್ನೂರು ಜನ ಇದ್ದಾರೆ ಸರ್” ಅಂದರು.

ಒಬ್ಬೊಬ್ಬರಿಗೂ ಅವರೇ ಫೋನ್ ಮಾಡಿದರು. ಕೆಲವರು ಊರಲ್ಲಿಲ್ಲ ಅಂದರು, ಕೆಲವರು ಎತ್ತಲೇ ಇಲ್ಲ. ‘ಖಂಡಿತ ಬರ್ತೀವಿ ಮೇಡಂ’ ಅಂದವರು ಹನ್ನೊಂದು ಜನ. ವಿಚಾರಣೆಯ ದಿನ ಬೆಳಿಗ್ಗೆ ಹತ್ತರಿಂದ ನಾವಿಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕೂತೆವು. ಹೆಜ್ಜೆ ಸಪ್ಪಳವಾದಾಗಲೆಲ್ಲ ಅತ್ತಿಗೆ ಎದ್ದು ನಿಲ್ಲುತ್ತಿದ್ದರು. ನಾಲ್ಕು ಗಂಟೆಗೆ ಬಂದದ್ದು ಸಂಘದ ಕಾಗದವೊಂದೇ. ‘ಇಂಥ ಪದ್ಧತಿ ಇದ್ದ ಬಗ್ಗೆ ನಮ್ಮ ಯಾವ ಸದಸ್ಯರಿಗೂ ಮಾಹಿತಿ ಇಲ್ಲ.’ ಕೆಳಗೆ ಒಂಟೆಯ ಸಹಿ, ಜೊತೆಗೆ ಒಪ್ಪಿಗೆ ಕೊಟ್ಟ ಸದಸ್ಯರ ಪಟ್ಟಿ. ಅತ್ತಿಗೆ ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಆ ಹನ್ನೊಂದು ಜನರ ಹೆಸರೂ ಇತ್ತು.

ಅತ್ತಿಗೆಯನ್ನು ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ಹಾಕಿದರು. ಆ ಸಂಜೆ ಬಸ್ಸಿನಲ್ಲಿ ನಾನು ಒಂಟೆಗೆ ಬಾಯಿಗೆ ಬಂದ ಹಾಗೆ ಶಾಪ ಹಾಕುತ್ತಿದ್ದೆ. ಅತ್ತಿಗೆ ನನ್ನ ಕಡೆ ತಿರುಗಿದರು, ಕಣ್ಣಲ್ಲಿ ನೀರು ತುಂಬಿತ್ತು.

“ಅವನನ್ನ ಬಿಡೇ. ಅವನಿಗೆ ಆಸ್ಪತ್ರೆಯ ಆ ಕೋಣೆಗಳು ಬೇಕಿತ್ತು, ಮಾಡಿದ. ಉಳಿದವರಿಗೆ ನಾನು ಏನು ಮಾಡಿದ್ದೆ ಕಣೆ?”