ಹೊಳೆ ದಾಟಿದ ಬೆನ್ನು

ಸಿನಿಮಾದಲ್ಲಿ ಒಬ್ಬಳೇ ತೆಪ್ಪ ನಡೆಸಿಕೊಂಡು ಹೊಳೆ ದಾಟುವ ಆ ಹೆಂಗಸು ನನ್ನ ಹೆಂಡತಿಯೇ ಎಂದು ಕಳೆದ ಭಾನುವಾರ ಮೈಸೂರಿನಲ್ಲಿ, ತುಂಬಿದ ಸಭೆಯಲ್ಲಿ ಒಪ್ಪಿಕೊಂಡರು! ಒಪ್ಪಿಕೊಂಡವರು ದಾರಿಹೋಕರಲ್ಲ, ಆ ಸಿನಿಮಾ ತೆಗೆದಾಗ ಅವಳಿಗೆ ಉಡಲು ಸೀರೆ ಕೊಟ್ಟವರು. ಜನ ಚಪ್ಪಾಳೆ ಹೊಡೆದರು. ನನ್ನ ಮೊಮ್ಮಗಳು ಎದ್ದು ನಿಂತು ಹೊಡೆದಳು. ನನಗೆ ಮಾತ್ರ ಕೈಯೇ ಏಳಲಿಲ್ಲ. ಐವತ್ತು ವರ್ಷದಿಂದ ಹೇಳುತ್ತಾ ಬಂದ ಮಾತು, ಮನೆಯವರೂ ನಂಬಿರಲಿಲ್ಲ. ಈ ಸಂತೋಷವನ್ನು ಒಳಗೇ ಇಟ್ಟುಕೊಂಡರೆ ಹೊಟ್ಟೆ ಬಿರಿದುಹೋಗುತ್ತದೆ ಎಂದು ಬರೆಯಲು ಕೂತಿದ್ದೇನೆ. ಓದಿದ್ದು ನಾಲ್ಕನೇ ಕ್ಲಾಸು. ಒತ್ತು ದೀರ್ಘ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ.

ನಮ್ಮೂರು ಕೋಟೆ ತಾಲ್ಲೂಕಿನಲ್ಲಿ, ಎನ್. ಬೇಗೂರಿನ ಕಡೆ, ಹೊಳೆಯ ದಡದಲ್ಲಿ. ನಮಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಸಿನಿಮಾದವರು ಬಂದರು. ಡೈರೆಕ್ಟರು ಬಹಳ ಮೆತ್ತಗೆ ಮಾತಾಡುವ ಮನುಷ್ಯ. ಮೋಡ ಬೇಕು ಎಂದು ಮೂರು ದಿನ ಆಕಾಶ ನೋಡಿಕೊಂಡು ಸುಮ್ಮನೆ ಕೂತಿದ್ದರು. ಹಪ್ಪಳ ಒಣಗಿಸಲು ಬಿಸಿಲಿಗೆ ಕಾಯುವವರನ್ನು ಕಂಡಿದ್ದೆವು, ಬಿಸಿಲು ಹೋಗಲಿ ಎಂದು ಕಾಯುವವರನ್ನು ಕಂಡಿರಲಿಲ್ಲ. ಆ ಸಿನಿಮಾಕ್ಕೆ ಆಮೇಲೆ ದಿಲ್ಲಿಯಲ್ಲಿ ದೊಡ್ಡ ಬಹುಮಾನ ಬಂತು. ಈಗ ಅದನ್ನು ಕಾಲೇಜಿನಲ್ಲಿ ಪಾಠ ಮಾಡುತ್ತಾರಂತೆ.

ನಾಲ್ಕನೆಯ ದಿನ ಮೋಡ ಕವಿಯಿತು. ಹೀರೋಯಿನ್ನು ತೆಪ್ಪದಲ್ಲಿ ಕೂತರು. ಬಿದಿರಿನ ದುಂಡು ತೆಪ್ಪ ತಾನೆ, ಒಂದು ಸುತ್ತು ಗಿರ್ರನೆ ತಿರುಗಿತು. ಆಕೆ ಕಿರುಚಿಕೊಂಡು ಇಳಿದವರು ನಡು ನೀರಿಗೆ ಹೋಗಲು ಮತ್ತೆ ಒಪ್ಪಲೇ ಇಲ್ಲ. ದಡದಲ್ಲಿ ಹೆಂಗಸರ ನಡುವೆ ನಿಂತಿದ್ದ ನನ್ನ ಹೆಂಡತಿ ಕಿಸಕ್ಕನೆ ನಕ್ಕುಬಿಟ್ಟಳು. ಅವಳ ಅಪ್ಪ ಜನರನ್ನು ಹೊಳೆ ದಾಟಿಸುವವರು. ನಡೆಯಲು ಕಲಿತಾಗಲೇ ಅವಳು ಹುಟ್ಟು ಹಾಕಲು ಕಲಿತವಳು.

ಡೈರೆಕ್ಟರು ತಿರುಗಿ ಕೇಳಿದರು, "ನಕ್ಕವರು ಯಾರು? ನೀವು ದಾಟ್ತೀರಾ?"

ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ತೆಗೆಯುವುದರೊಳಗೆ ನಮ್ಮವ್ವ ಮುಂದೆ ಬಂದಳು.

"ನಮ್ ಮನೆ ಸೊಸೆ ಕುಣಿಯಾಕ್ ಬಂದಿಲ್ಲ ಕಣ್ರೀ. ಊರೂರ್ನಲ್ಲಿ ಅವಳ್ ಮೊಕ ನೋಡ್ಬೇಕಾ ಜನ?"

"ಮುಖ ಕಾಣಲ್ಲಮ್ಮ. ಬರೀ ಬೆನ್ನು."

ಅವ್ವ ಒಂದು ಗಳಿಗೆ ಯೋಚಿಸಿದಳು. "ಬೆನ್ನಾದ್ರೆ ಬುಡಿ, ಅಂಗೇ ಆಗ್ಲಿ. ತಿರುಗ್ ಗಿರುಗ್ ನೋಡೀಯೇ, ಹುಷಾರ್!" ಎಂದು ಸೊಸೆಗೆ ಬೆರಳು ತೋರಿಸಿದಳು.

ಸಿನಿಮಾದವರ ಸೀರೆಗಳ ಟ್ರಂಕು ನೋಡಿಕೊಳ್ಳುತ್ತಿದ್ದವರು ನನ್ನದೇ ವಯಸ್ಸಿನವರು. ಹೀರೋಯಿನ್ನು ಉಟ್ಟದ್ದು ಕೆಂಪು ಸೀರೆ. ಅಂಥದ್ದು ಇನ್ನೊಂದು ಇರಲಿಲ್ಲ. ಅವರು ಟ್ರಂಕಿನಿಂದ ಹಸಿರು ಸೀರೆ ತೆಗೆದರು. ನಾನು ನಕ್ಕೆ.

"ಏನ್ ಸ್ವಾಮಿ, ದಡದಲ್ಲಿ ಕೆಂಪು, ನಡ್ ನೀರಿಗೋದ್ರೆ ಹಸ್ರಾ?"

"ಇದು ಕಪ್ಪು ಬಿಳುಪು ಕಣ್ರೀ. ಕ್ಯಾಮೆರಾ ಕಣ್ಣಿಗೆ ಎರಡೂ ಒಂದೇ ಬೂದಿ ಬಣ್ಣ" ಎಂದರು. ನಾನು ನಂಬಲಿಲ್ಲ.

ಅವಳು ಹೋದಳು. ಮೋಡದ ಕೆಳಗೆ ನೀರು ಸೀಸದ ಹಾಗೆ ಇತ್ತು. ತೆಪ್ಪ ಒಂದು ಸಲವೂ ತಿರುಗಲಿಲ್ಲ, ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ಹೋಯಿತು. ಅವಳು ಎಡಚಿ, ಹುಟ್ಟನ್ನು ಎಡಗಡೆಗೇ ಹಾಕುವವಳು. ದೂರ ಹೋದಂತೆ ಅವಳು ಸಣ್ಣವಳಾಗುತ್ತಾ ಹೋದಳು. ನನಗೆ ಆಗ ಏನೋ ಆಯಿತು. ಒಂದು ಸಲ ಕೂಗಿಬಿಡಬೇಕು, ಅವಳು ತಿರುಗಿ ನೋಡಬೇಕು ಎನಿಸಿತು. ಗಂಟಲವರೆಗೂ ಬಂತು. ಎಲ್ಲರೂ ಉಸಿರು ಹಿಡಿದು ನಿಂತಿದ್ದಾರೆ, ನಾನೂ ನುಂಗಿಕೊಂಡೆ. ಆಚೆ ದಡ ಮುಟ್ಟಿದ ಮೇಲೇ ಅವಳು ತಿರುಗಿ ಕೈ ಬೀಸಿದ್ದು. ಅಷ್ಟು ಹೊತ್ತಿಗೆ ಕ್ಯಾಮೆರಾ ನಿಂತಿತ್ತು.

ಮುಖದ ಭಾಗವನ್ನು ಹೀರೋಯಿನ್ನಿನ ಮೇಲೇ ತೆಗೆದರು. ಮೊಣಕಾಲುದ್ದದ ನೀರಿನಲ್ಲಿ ಇಬ್ಬರು ತೆಪ್ಪವನ್ನು ಅದುಮಿ ಹಿಡಿದುಕೊಂಡಿದ್ದರು. ಆಕೆ ಹುಟ್ಟು ಹಾಕಿದ್ದು ಬಲಗಡೆಗೆ.

ಸಿನಿಮಾ ಹುಣಸೂರಿಗೆ ಬಂದಾಗ ಇಬ್ಬರೂ ಬಸ್ಸಿನಲ್ಲಿ ಹೋಗಿ ನೋಡಿದೆವು. ನಿಜಕ್ಕೂ ಎರಡು ಸೀರೆಯೂ ಒಂದೇ ಬಣ್ಣ! ಹೊಳೆ ಬಂದಾಗ ಅವಳು ನನ್ನ ತೋಳು ಹಿಂಡಿದಳು.

"ಅಯ್ಯೋ, ನನ್ ಬೆನ್ನು ಅಷ್ಟಗ್ಲ ಅದಾ?"

ಹಿಂದಿನಿಂದ ಯಾರೋ "ಸುಮ್ಕೆ ಕುಂತ್ಕಳಮ್ಮೋ" ಎಂದು ಗದರಿದರು. ಆಚೆ ಬಂದ ಮೇಲೆ ಬಸ್ಸಿಗೆ ಕಾಯುವಾಗ ಅವಳು ತನ್ನಷ್ಟಕ್ಕೇ ಅಂದಳು, "ಒಂದೇ ಒಂದ್ ಕಿತ ತಿರುಗ್ಬೋದಾಗಿತ್ತು, ಅಲ್ವಾ?"

ಅವಳು ಹೋಗಿ ಆರು ವರ್ಷ. ಮದುವೆಯಲ್ಲಿ ಫೋಟೋ ತೆಗೆಸುವ ಕಾಲ ಅದಲ್ಲ. ಈಗ ಮನೆಯಲ್ಲಿರುವುದು ರೇಷನ್ ಕಾರ್ಡಿಗೆಂದು ತೆಗೆದದ್ದು, ವಯಸ್ಸಾದ ಮೇಲಿನದು, ಅದರಲ್ಲೂ ಕಣ್ಣು ಮುಚ್ಚಿಕೊಂಡಿದ್ದಾಳೆ. ಹರೆಯದ ಅವಳು ಈ ಭೂಮಿಯ ಮೇಲೆ ಉಳಿದಿರುವುದು ಆ ಸಿನಿಮಾದಲ್ಲಿ ಮಾತ್ರ, ಅದೂ ಬೆನ್ನು ತಿರುಗಿಸಿಕೊಂಡು. ಟೀವಿಯಲ್ಲಿ ಬಂದಾಗಲೆಲ್ಲ ನಾನು ಎದುರಿಗೆ ಹೋಗಿ ಕೂರುತ್ತಿದ್ದೆ. ಮಗ ನಗುತ್ತಿದ್ದ.

"ಸುಮ್ಕಿರಪ್ಪೋ. ಯಾರ್ದೋ ಬೆನ್ ತೋರ್ಸ್ಬುಟ್ಟು ನಮ್ಮವ್ವ ಅಂತೀಯ. ಅವ್ವನ್ ಬೆನ್ನಿನ್ ಮೇಲೆ ಬೆಳ್ದೋನು ನಾನು, ನಂಗ್ ಗೊತ್ತಾಗಕಿಲ್ವಾ?"

ಅವನ ಅವ್ವ ಬದುಕಿದ್ದಾಗ ಹೇಳಿದರೂ ನಂಬಲಿಲ್ಲ. ಗಂಡ ಹೆಂಡತಿ ಸೇರಿಕೊಂಡು ಕಥೆ ಕಟ್ಟಿದ್ದೀರಿ ಎನ್ನುತ್ತಿದ್ದ. ಅವತ್ತು ದಡದಲ್ಲಿದ್ದ ನಮ್ಮವ್ವ ಅವನಿಗೆ ಬುದ್ಧಿ ಬರುವ ಮೊದಲೇ ಹೋಗಿದ್ದಳು, ಊರಲ್ಲಿ ಉಳಿದವರಿಗೆ ಅದು ನೆನಪಿರಲಿಲ್ಲ.

ಮೊಮ್ಮಗಳು, ಅವನ ಮಗಳೇ, ಮೈಸೂರಿನಲ್ಲಿ ಡಿಗ್ರಿ ಓದುತ್ತಾಳೆ. ಸಿನಿಮಾ ಎಂದರೆ ಪ್ರಾಣ. ಹೆಸರಾದ ಸಿನಿಮಾಗಳಲ್ಲಿ ಆಗಿರುವ ತಪ್ಪುಗಳನ್ನು ಯಾರೋ ಫೋನಿನಲ್ಲಿ ಪಟ್ಟಿ ಹಾಕಿದ್ದರಂತೆ, ಹೋದ ತಿಂಗಳು ಓದಿ ಹೇಳುತ್ತಿದ್ದಳು. ಒಂದರಲ್ಲಿ ರಾಜನ ಕೈಯಲ್ಲಿ ವಾಚು. ಇನ್ನೊಂದರಲ್ಲಿ ದೇವತೆಗಳ ಹಿಂದೆ ಕರೆಂಟು ಕಂಬ. ನಾನು ನಗುತ್ತಾ ಕೇಳುತ್ತಿದ್ದೆ. ಇದ್ದಕ್ಕಿದ್ದಂತೆ ಅವಳು ನಮ್ಮ ಸಿನಿಮಾದ ಹೆಸರು ಹೇಳಿದಳು.

"ಹೊಳೆ ದಾಟೋವಾಗ ದೂರದಿಂದ ತೋರ್ಸಿದ್ರೆ ಹುಟ್ಟು ಎಡಗಡೆ ಅದೆ, ಹತ್ರದಿಂದ ತೋರ್ಸಿದ್ರೆ ಬಲಗಡೆ. ಅಷ್ಟು ದೊಡ್ಡ ಡೈರೆಕ್ಟರೂ ಗಮನಿಸ್ದೆ ಮಾಡಿರೋ ತಪ್ಪು ಅಂತೆ ತಾತ."

"ತಪ್ಪಲ್ಲ ಕಣ್ ಮೊಗಾ, ನಿಮ್ಮಜ್ಜಿ ಅದು" ಅಂದೆ. ಅಂದವನು ಅತ್ತುಬಿಟ್ಟೆ. ಅವಳನ್ನು ತಪ್ಪುಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದರಲ್ಲ.

ಮೊಮ್ಮಗಳು ನನ್ನನ್ನೇ ನೋಡಿದಳು. ನಂಬಿದಳೋ ಇಲ್ಲವೋ, "ಬಾ ತಾತ, ಕೇಳೇಬುಡಣ" ಅಂದಳು. ಆ ಸಿನಿಮಾದ ಹಳೇ ರೀಲನ್ನು ಶುಚಿ ಮಾಡಿ ಮೈಸೂರಿನಲ್ಲಿ ಭಾನುವಾರ ತೋರಿಸುತ್ತಾರೆ, ಅದರಲ್ಲಿ ದುಡಿದವರೊಬ್ಬರು ಬಂದು ಮಾತಾಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಬಂದವರು ಆ ಟ್ರಂಕಿನವರು. ತಲೆ ಪೂರಾ ಬೆಳ್ಳಗಾಗಿತ್ತು, ಸಿನಿಮಾದ ಬಟ್ಟೆಬರೆ ನೋಡಿಕೊಂಡವರು ಎಂದು ಮೈಕಿನಲ್ಲಿ ಹೇಳಿದ ಮೇಲೇ ನನಗೆ ಗುರುತು ಸಿಕ್ಕಿದ್ದು. ಸಿನಿಮಾ ಮುಗಿದ ಮೇಲೆ ಮೊಮ್ಮಗಳು ಮೈಕು ಇಸಿದುಕೊಂಡು, "ಸರ್, ಹುಟ್ಟು ಕೈ ಬದಲಾಗಿರೋದು ತಪ್ಪಲ್ಲ. ದೂರದಲ್ಲಿ ಇರೋದು ನಮ್ಮಜ್ಜಿ, ಎಡಚಿ" ಎಂದಳು. ಸಭೆಯಲ್ಲಿ ನಗು ಎದ್ದಿತು. ಅವರು ನಗಲಿಲ್ಲ.

"ಹಾಗಂತ ಯಾರು ಹೇಳಿದರಮ್ಮ?"

"ನಮ್ಮ ತಾತ. ಇಲ್ಲೇ ಇದಾರೆ."

"ಹಾಗಾದರೆ ಅವರನ್ನೇ ಕೇಳ್ತೀನಿ. ಯಜಮಾನರೇ, ಆಕೆ ಉಟ್ಟಿದ್ದ ಸೀರೆ ಯಾವ ಬಣ್ಣ?"

ಕಪ್ಪು ಬಿಳುಪು ಸಿನಿಮಾ. ಎಷ್ಟು ಸಲ ನೋಡಿದವರಿಗೂ ಅದು ಗೊತ್ತಾಗುವಂತಿಲ್ಲ. ನಾನು ಎದ್ದು ನಿಂತೆ.

"ಹಸ್ರು ಸ್ವಾಮಿ. ಕೆಂಪುಟ್ಟಿದ್ದು ಅವ್ರು, ನಮ್ಮೋಳು ಉಟ್ಟಿದ್ದು ಹಸ್ರು. ಎರಡೂ ಒಂದೇ ಬೂದಿ ಅಂತ ನೀವೇ ಯೋಳಿದ್ರಿ."

ಅವರು ಕೋಲೂರಿಕೊಂಡು ಕೆಳಗೆ ಇಳಿದು ಬಂದರು. ನನ್ನ ಕೈ ಹಿಡಿದುಕೊಂಡು ಮೈಕಿನಲ್ಲೇ ಹೇಳಿದರು, "ಹೊಳೆ ದಾಟಿದ್ದು ಇವರ ಮನೆಯವರೇ. ಆಕೆಯನ್ನು ನಾನು ಮರೆತಿಲ್ಲ. ಎಲ್ಲರೂ ಬಟ್ಟೆ ಬಿಚ್ಚಿ ಟ್ರಂಕಿಗೆ ಎಸೆದು ಹೋಗೋರು. ಆಕೆ ಆ ಸೀರೆಯನ್ನು ಹೊಳೆಯಲ್ಲಿ ಒಗೆದು, ಬಂಡೆ ಮೇಲೆ ಒಣಗಿಸಿ, ಮಡಿಸಿ ತಂದುಕೊಟ್ಟರು."

ಇದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷದ ಮೇಲೆ ಅವಳ ಒಂದು ಹೊಸ ಸುದ್ದಿ ಸಿಕ್ಕಿತು. ಚಪ್ಪಾಳೆ ನಿಂತ ಮೇಲೆ ಅವರು ಮೆಲ್ಲಗೆ, "ಅವರೂ ಬಂದಿದ್ದಾರಾ?" ಎಂದು ಕೇಳಿದರು. ನಾನು ಇಲ್ಲ ಎಂದು ತಲೆ ಆಡಿಸಿದೆ. ಅವರು ಕೈ ಬಿಡಲಿಲ್ಲ.

ಸಂಜೆ ಇಬ್ಬರೂ ಬಸ್ಸಿಳಿದು ಮನೆಗೆ ಬಂದಾಗ ಮಗ ಶುಂಠಿ ಹೊಲದಿಂದ ಬಂದು ಕೈಕಾಲು ತೊಳೆಯುತ್ತಿದ್ದ. ಸೊಸೆ ನಾಟಿ ಕೋಳಿ ಸಾರು ಮಾಡಿ, ಮುದ್ದೆ ಕಟ್ಟುತ್ತಿದ್ದಳು. "ಏನಪ್ಪ, ಸಿಕ್ತಾ ಬೆನ್ನು?" ಎಂದ ಮಗ. ಊಟಕ್ಕೆ ಕೂತಾಗ ಮೊಮ್ಮಗಳು, ತನ್ನ ಫೋನಿನಲ್ಲಿ ಹಿಡಿದುಕೊಂಡಿದ್ದ ಅವರ ಮಾತನ್ನು ಹಾಕಿದಳು. ಸೀರೆ ಒಗೆದು ಮಡಿಸಿದ್ದು ಬಂದಾಗ ಮಗನ ಕೈ ತಟ್ಟೆಯಲ್ಲೇ ನಿಂತಿತು.

"ಅವ್ವನೇ ಕಣ" ಅಂದ. "ಬಾಡ್ಗೆ ಪಾತ್ರೆ ತಂದ್ರೂ ತಿಕ್ಕಿ ಒರ್ಸಿ ಕೊಡೋಳು."

ಆಮೇಲೆ ಮಗಳಿಗೆ, "ಆ ಹೊಳೆ ಹಾಕ್ ಮೊಗಾ" ಎಂದ. ಅವಳು ಚೊಂಬಿಗೆ ಫೋನು ಒರಗಿಸಿ ಹಾಕಿದಳು. ಮಗ ತಟ್ಟೆ ಬಿಟ್ಟು ಮುಂದಕ್ಕೆ ಬಾಗಿದ. ತೆಪ್ಪ ಆಚೆ ದಡದ ಹತ್ತಿರ ಹೋಗುತ್ತಿದ್ದಂತೆ, "ಇನ್ನೊಂದ್ ಕಿತ ಹಾಕು" ಎಂದ. ಮತ್ತೆ ಮುಗಿಯಿತು. "ಇನ್ನೊಂದ್ ಕಿತ."

"ಸಾರು ಆರೋಯ್ತದೆ, ಉಣ್ರೀ ಎಲ್ರೂವೆ" ಎಂದು ಸೊಸೆ ಗದರಿದಳು. ಗದರಿದವಳೇ ತನ್ನ ತಟ್ಟೆ ತಂದು ನನ್ನ ಪಕ್ಕ ಕೂತು, "ಮಾವ, ಇನ್ನೊಂದ್ ಮುದ್ದೆ ಹಾಕ್ಲಾ?" ಎಂದಳು. ಹಾಕು ಎಂದೆ. ಫೋನು ನೋಡಿಕೊಂಡೇ ನಾವು ನಾಲ್ಕೂ ಜನ ಉಂಡೆವು.