ಅಪ್ಪನಿಗೆ ಕೊಡದ ಸೀಸೆ

ಅಪ್ಪನ ಮೊಣಕಾಲ ಕೆಳಗೆ ಹಳೆಯದೊಂದು ಸುಟ್ಟ ಕಲೆ. ನಾನು ಹುಟ್ಟುವ ಮೊದಲು ವನಗೂರಿನ ಎಸ್ಟೇಟಿನಲ್ಲಿ ಏಲಕ್ಕಿ ಒಣಗಿಸುವ ಗೂಡಿನ ಕಾದ ಕೊಳವೆ ತಾಗಿ ಆದದ್ದು. ಹೋದ ವರ್ಷ ಆ ಕಲೆ ಒಡೆದು ಹುಣ್ಣಾಯಿತು, ಮಾಯಲೇ ಇಲ್ಲ. ಸಕಲೇಶಪುರದ ಡಾಕ್ಟರಿಗೆ ತೋರಿಸಿದೆ. ಇಂಥ ಕಲೆಯಲ್ಲಿ ಕ್ಯಾನ್ಸರ್ ಬರುವುದುಂಟು, ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸೋಣ ಎಂದರು. ಅಪ್ಪ ಒಪ್ಪದೆ ಎದ್ದು ಬಂದ.

ಅವನ ಪಾಲಿಗೆ ಔಷಧಿ ನನ್ನ ಹತ್ತಿರವೇ ಇತ್ತು. ನಮ್ಮ ಮನೆಯಲ್ಲಿ ಡಿಗ್ರಿ ಕಂಡ ಮೊದಲನೆಯವಳು ನಾನು. ಮೈಸೂರಿನ ಪ್ರಯೋಗಾಲಯವೊಂದರಲ್ಲಿ ಕೆಲಸ. ಸ್ಟೆಮ್ ಸೆಲ್ ಎಂಬ ಎಳೆಯ ಜೀವಕೋಶಗಳು ತಾವು ಬೆಳೆಯುವ ದ್ರವಕ್ಕೆ ಏನೇನೋ ಸ್ರವಿಸುತ್ತವೆ. ಆ ದ್ರವವನ್ನು ಸೋಸಿ, ತಟ್ಟೆಯಲ್ಲಿ ಬೆಳೆಸಿದ ಚರ್ಮದ ಕೋಶಗಳಿಗೆ ಹಾಕಿ ನೋಡುತ್ತೇವೆ. ಆರೋಗ್ಯವಾದ ಕೋಶಗಳ ಪದರಕ್ಕೆ ಗೀರೆಳೆದರೆ, ದ್ರವ ಬಿದ್ದ ಕಡೆ ಗೀರು ಬೇಗ ಕೂಡಿಕೊಳ್ಳುತ್ತದೆ.

ಊರಿಗೆ ಮರಳುವ ಜೀಪಿನಲ್ಲಿ ಅಪ್ಪ ಸಾರಿಬಿಟ್ಟ. "ನನ್ ಮಗಳು ಚರ್ಮ ಬೆಳ್ಯೋ ನೀರು ಮಾಡ್ತಾಳೆ ಕಣ್ರೀ. ಮುಂದಿನ್ ಸಲ ತರ್ತಾಳೆ."

"ನನ್ ಹಿಮ್ಮಡಿಗೂ ಒಂದ್ ಸೀಸೆ ಹೇಳು ಮಾರಾಯ," ಹಿಂದಿನ ಸೀಟಿನ ಹೆಂಗಸು ಅಂದಳು. "ಬಿರುಕು ಹೆಂಗೈತೆ ಅಂದ್ರೆ ರಕ್ತ ಹೀರೋ ಇಂಬಳ ಸಂಸಾರ ಹೂಡ್ಬೋದು."

ಎಲ್ಲರೂ ನಕ್ಕರು.

"ತರಲ್ಲ ಅಪ್ಪ," ಎಂದೆ ಮನೆ ಸೇರಿದ ಮೇಲೆ. "ಕ್ಯಾನ್ಸರ್ ಕೋಶಕ್ಕೆ ಹಾಕಿದ್ರೆ ಒಂದ್ಸಲ ಸೊರಗ್ತವೆ, ಇನ್ನೊಂದ್ಸಲ ಕೊಬ್ತವೆ. ಯಾವಾಗ ಯಾವ್ದು ಅಂತ ನಮಗಿನ್ನೂ ಗೊತ್ತಿಲ್ಲ."

"ಇಷ್ಟ್ ಓದಿದ್ರೂ ಗೊತ್ತಿಲ್ವಾ?"

ಚುಚ್ಚಿತು. ಅರ್ಥವಾಗದ ಇಂಗ್ಲಿಷನ್ನು ಹಾಸ್ಟೆಲ್ಲಿನಲ್ಲಿ ಉರು ಹೊಡೆದು ಗೆದ್ದ ಡಿಗ್ರಿ ಅದು. ಆದರೆ ತಿಳಿಯದ್ದನ್ನು ತಿಳಿಯದು ಎನ್ನಲು ಕಲಿತದ್ದೂ ಅಲ್ಲೇ.

"ಬೋರರ್ ಹುಳ ಹೊಕ್ಕಿರೋ ಕಾಫಿ ಗಿಡಕ್ಕೆ ಗೊಬ್ರ ಹಾಕ್ತೀಯಾ?"

"ಹಾಕ್ತಾರೇನೇ? ಕಿತ್ತು ಸುಡ್ತಾರೆ."

"ಹೊಕ್ಕೈತೋ ಇಲ್ವೋ ಹೆಂಗ್ ಹೇಳ್ತೀಯ?"

"ಕಾಂಡದ ಸಿಪ್ಪೆ ಚೂರು ಕೆತ್ತಿ ನೋಡ್..." ಎಂದವನು ಅಲ್ಲಿಗೇ ನಿಲ್ಲಿಸಿದ. ಪಂಚೆ ಸರಿಸಿ ಹುಣ್ಣನ್ನು ನೋಡಿಕೊಂಡ.

"ಚೂರು ಅಂದ್ರೆ ಎಷ್ಟ್ ಕತ್ತರಿಸ್ತಾರೆ?"

"ಒಂದು ಏಲಕ್ಕಿಯಷ್ಟೂ ಇಲ್ಲ."

ಕ್ಯಾನ್ಸರೇ ಆಗಿತ್ತು. ಆಳಕ್ಕೆ ಇಳಿದಿರಲಿಲ್ಲ. ಹಾಸನದಲ್ಲಿ ಅಷ್ಟನ್ನೂ ಕತ್ತರಿಸಿ ತೆಗೆದು, ತೊಡೆಯ ಚರ್ಮವನ್ನು ಅಲ್ಲಿಗೆ ಹಚ್ಚಿದರು.

ಮೊನ್ನೆ ಅಪ್ಪನ ಜೊತೆ ಜೀಪು ಹತ್ತಿದಾಗ ಅದೇ ಹೆಂಗಸು ಸಿಕ್ಕಳು. "ಏನ್ ಮಾರಾಯ, ಮಗಳ ನೀರು ಕೆಲ್ಸ ಮಾಡ್ತಾ?"

"ಕೊಡಲ್ಲ ಅಂದ್ಬುಟ್ಳು ಕಣಮ್ಮ," ಅಂದ ಅಪ್ಪ, ಡ್ರೈವರಿಗೂ ಕೇಳುವಷ್ಟು ಗಟ್ಟಿಯಾಗಿ. "ಎಷ್ಟ್ ಕೇಳಿದ್ರೂ ಕೊಡ್ಲಿಲ್ಲ ನನ್ ಮಗಳು!"